ಮದುವೆಗೆ ಕಟ್ಟಿದ ಮಟ್ಟು

ಏವಿಸಕ್ಕನಿಗೆ,

ವೆದರ್‌ಹೋಪ್ ಕಣಿವೆಯಿಂದ ಐಡನಿ ಬರೆಯುವುದು.

ಮೊದಲು, ಈ ಕಾಗದವನ್ನು ನಿನಗೆ ಓದಿ ಹೇಳುತ್ತಿರುವ ಸನ್ಯಾಸಿನಿಯಮ್ಮನಿಗೆ ಒಂದು ಮಾತು. ತಾಯಿ, ನಡುವೆ ನಿಲ್ಲಿಸಬೇಡಿ. ನನ್ನ ಹೆಸರು ಕಿವಿಗೆ ಬಿದ್ದ ಕೂಡಲೇ ಅವಳು "ಸಾಕು, ಒಲೆಗೆ ಹಾಕಿ" ಅನ್ನಬಹುದು. ಅನ್ನಲಿ, ನೀವು ಓದುತ್ತಾ ಹೋಗಿ. ಕೊನೆಯ ಸಾಲು ಕೇಳಿದ ಮೇಲೆ ಒಲೆಗೆ ಹಾಕುವುದೋ ಇಟ್ಟುಕೊಳ್ಳುವುದೋ ಅವಳಿಗೆ ಬಿಟ್ಟದ್ದು.

ಅಕ್ಕಾ, ಅಕ್ಷರಗಳು ಕೋಳಿ ಕೆದಕಿದ ಹಾಗಿವೆಯಂತೆ, ಇದು ನಮ್ಮ ಪಾದ್ರಿ ಆಸ್ಮಂಡ್ ಅವರ ಅಭಿಪ್ರಾಯ. ಹದಿನಾಲ್ಕು ತಿಂಗಳು ಕೂರಿಸಿಕೊಂಡು ಕಲಿಸಿದವರು ಅವರೇ, ಆದ್ದರಿಂದ ಬೈಯುವ ಹಕ್ಕೂ ಅವರಿಗಿದೆ. ಓದುಬರಹ ಬಲ್ಲವರನ್ನು ಕಂಡರೆ ನಗುತ್ತಿದ್ದವಳು ನಾನು. ನೆನಪಿಲ್ಲದವರು ತಾನೇ ಬರೆದಿಟ್ಟುಕೊಳ್ಳುವುದು ಎಂದು ಜಂಬ ಕೊಚ್ಚುತ್ತಿದ್ದೆ. ಈಗ ನಲವತ್ತು ದಾಟಿದ ಮೇಲೆ ಯಾಕೆ ಲೇಖನಿ ಹಿಡಿದೆ ಎಂಬುದಕ್ಕೆ ಒಂದು ಕಾರಣವಿದೆ. ಅದು ಅದರ ಜಾಗದಲ್ಲಿ ಬರುತ್ತದೆ.

ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ತಮ್ಮ ಥರ್ಸ್ಟನ್ ನನ್ನ ತಮ್ಮ ಆಡ್ಕಿನ್‌ನನ್ನು ಕೊಲ್ಲಲಿಲ್ಲ. ನಿನಗೆ ಇದು ಇಪ್ಪತ್ತಮೂರು ವರ್ಷಗಳಿಂದ ಗೊತ್ತು. ನನಗೆ ಹೋದ ವರ್ಷ ಗೊತ್ತಾಯಿತು.

ಆ ಚಳಿಗಾಲದಲ್ಲಿ ನೀನೂ ನಾನೂ ಒಂದೇ ಒಲೆಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದೆವು. ಪದ ಕಟ್ಟುವುದು ನಾನು, ಮಟ್ಟು ಹಾಕುವುದು ನೀನು. ಥರ್ಸ್ಟನ್‌ಗೂ ನನಗೂ ಈಸ್ಟರ್ ಕಳೆದ ಮೇಲೆ ಮದುವೆ ಎಂದು ಗೊತ್ತಾಗಿತ್ತು. ಅದಕ್ಕೆಂದು ನೀನೊಂದು ಹೊಸ ಮಟ್ಟು ಕಟ್ಟಿದ್ದೆ, ಕದಿರು ತಿರುಗುವ ಲಯಕ್ಕೆ, ನಡುವೆ "ಗಾಳಿಯೇ, ಮೆಲ್ಲಗೆ ಬೀಸು" ಎಂದು ಎಲ್ಲರೂ ಕೂಡಿ ಹೇಳುವ ಸೊಲ್ಲು ಸೇರಿಸಿ. "ಪದ ನೀನೇ ತುಂಬ್ಕೋ. ನಿನ್ನ ಮದುವೆ, ನಿನ್ನ ಗಂಡ, ನಾನ್ಯಾಕೆ ಹೊಗಳ್ಲಿ ಆ ಕೆಂಚನ್ನ" ಅಂದಿದ್ದೆ. ಆ ಮಟ್ಟಿಗೆ ನಾನು ಎಂಥ ಪದ ತುಂಬಿದೆ ಎಂಬುದು ಈಗ ಇಡೀ ಉತ್ತರ ಸೀಮೆಗೇ ಗೊತ್ತು.

ಉಪವಾಸದ ನಲವತ್ತು ದಿನ ಶುರುವಾಗುವ ಮುಂಚಿನ ಮಂಗಳವಾರ, ನಮ್ಮವರಿಗೂ ನಿಮ್ಮ ಗುಡ್ಡದಾಚೆಯವರಿಗೂ ಚೆಂಡಾಟ. ಪ್ರತಿ ವರ್ಷದ ಹಾಗೆ ಆ ವರ್ಷವೂ ಚೆಂಡಿಗಿಂತ ಮೈಗಳಿಗೇ ಹೆಚ್ಚು ಒದೆ ಬಿತ್ತು. ಒಬ್ಬನ ಕಾಲು ಮುರಿಯಿತು, ಒಬ್ಬನ ಕಿವಿ ಹರಿಯಿತು. ಥರ್ಸ್ಟನ್‌ನ ಮೊಣಕೈ ಬಡಿದು ಆಡ್ಕಿನ್‌ನ ಮುಂದಿನ ಎರಡು ಹಲ್ಲು ಹಾರಿಹೋದವು. ಹಿಮದ ಮೇಲೆ ರಕ್ತ ಉಗುಳಿ ನನ್ನ ತಮ್ಮ ಕೂಗಿದ, "ಇರು ಭಾವ, ನಿನ್ನ ಮದುವೆ ದಿನ ವಿಚಾರಿಸ್ಕೋತೀನಿ ನಿನ್ನ." ಥರ್ಸ್ಟನ್ ನಗುತ್ತಾ, "ಬಾರೋ ಬೊಚ್ಚುಬಾಯಿ, ನಿನಗೆ ಗಂಜಿ ಮಾಡ್ಸಿಡ್ತೀನಿ" ಅಂದ. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಬಿಯರ್ ಕುಡಿಯಲು ಹೋದರು. ಮೂರು ದಿನದ ಮೇಲೆ ಊರಿಗೆಲ್ಲ ನೆನಪಿದ್ದದ್ದು ಬೆದರಿಕೆಯ ಮಾತು ಮಾತ್ರ. ನಗು ಯಾರಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊಳೆ ದಾಟುವ ಜಾಗದಲ್ಲಿ ಆಡ್ಕಿನ್ ಸಿಕ್ಕಿದ. ಬೆನ್ನಿಗೆ ಒಂದು, ಕುತ್ತಿಗೆಯ ಬುಡಕ್ಕೆ ಒಂದು ಕೊಡಲಿ ಏಟು. ಹಿಂದಿನ ಸಂಜೆಯಿಂದ ಹಿಮದಲ್ಲಿ ಬಿದ್ದವನು ಮರದ ತೊಲೆಯ ಹಾಗೆ ಸೆಟೆದಿದ್ದ. ಹೊತ್ತು ತರುವಾಗ ಬಾಗಿಲಲ್ಲಿ ಅವನ ಕೈ ಅಡ್ಡ ಸಿಕ್ಕಿಕೊಂಡು ಒಳಗೆ ಬರಲಿಲ್ಲ. ನಮ್ಮಮ್ಮ ಆ ಕೈಯನ್ನು ಬಗ್ಗಿಸಲು ಹೋಗಿ ಆಗದೆ ಕೂಗಿಕೊಂಡ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಕೊಂದವನ ಕೈ ಸೋಕಿದರೆ ಹೆಣ ಮತ್ತೆ ನೆತ್ತರು ಸುರಿಸುತ್ತದೆ ಎಂಬುದನ್ನು ನಾವೆಲ್ಲ ತಾಯಿಯ ಹಾಲಿನ ಜೊತೆಯೇ ಕುಡಿದವರು. ಅಪ್ಪ ಗರ್ಜಿಸಿದ, "ಕಣಿವೆಯಲ್ಲಿ ಒಬ್ಬ ಗಂಡಸೂ ತಪ್ಪಿಸ್ಕೋಬಾರ್ದು. ಎಲ್ರೂ ಬಂದು ನನ್ ಮಗನ್ನ ಮುಟ್ಬೇಕು." ಏರ್ಪಾಡೆಲ್ಲ ನಮ್ಮಣ್ಣ ಗಾವಿನ್‌ನದು. "ಅಮ್ಮನಿಗೆ ಸರಿಯಾಗಿ ಕಾಣ್ಲಿ, ಒಲೆ ಹತ್ರ ಮೇಜಿನ ಮೇಲೆ ಮಲಗ್ಸಿ" ಎಂದ. ಮೊದಲು ತಾನೇ ಮುಟ್ಟಿದ. ಎದೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಪ್ರಾರ್ಥನೆ ಪೂರ್ತಿ ಹೇಳಿದ. ಏನೂ ಆಗಲಿಲ್ಲ. ಆಮೇಲೆ ನೆರೆಹೊರೆಯವರು, ಕಮ್ಮಾರ, ಗಿರಣಿಯವನು, ಪಾದ್ರಿ ಕೂಡ. ಗುಡ್ಡದಾಚೆಯವರಿಗೆ ಹೇಳಿ ಕಳಿಸಿದ್ದೇ ಮಧ್ಯಾಹ್ನ. ಥರ್ಸ್ಟನ್ ಬರುವ ಹೊತ್ತಿಗೆ ಸಂಜೆಯ ಬೆಳಕು ಕಿಟಕಿಯಲ್ಲಿ ಕೆಂಪಾಗಿತ್ತು. ಅಷ್ಟು ಹೊತ್ತೂ ಒಲೆ ಧಗಧಗ ಉರಿಯುತ್ತಲೇ ಇತ್ತು.

ಅವನು ಅಳುತ್ತಲೇ ಬಂದ. ಭುಜ ಹಿಡಿದು "ಏಳೋ ಆಡ್ಕಿನ್" ಎಂದು ಒಮ್ಮೆ ಅಲುಗಿಸಿದ. ಕುತ್ತಿಗೆಯ ಗಾಯದಿಂದ ನೆತ್ತರು ಹರಿಯಿತು, ಕಪ್ಪಗೆ, ನಿಧಾನವಾಗಿ, ಮೇಜಿನ ಅಂಚಿನಿಂದ ನೆಲಕ್ಕೆ.

"ಐಡನಿ, ಇಲ್ಲಿ ನೋಡೇ. ನನ್ ಮುಖ ನೋಡು. ನಾನಲ್ಲ ಕಣೇ."

ನಾನು ನೋಡಿದೆ, ಅಕ್ಕಾ. ಒಲೆಯಲ್ಲಿದ್ದ ಕಬ್ಬಿಣದ ಇಕ್ಕಳ ಎತ್ತಿ ಆ ಮುಖಕ್ಕೇ ಬಾರಿಸಿದೆ. ಕೆನ್ನೆಯ ಚರ್ಮ ಇಕ್ಕಳಕ್ಕೆ ಅಂಟಿಕೊಂಡು ಬಂತು. ಅವನು ಕೈ ಎತ್ತಲಿಲ್ಲ. ಗಾವಿನ್ ಕೊಡಲಿಗೆ ಕೈ ಹಾಕಿದ ಮೇಲೆಯೇ ಓಡಿದ್ದು, ಹಿಮದಲ್ಲಿ ಬರಿಗಾಲಲ್ಲಿ, ಚರ್ಚಿನ ಬಾಗಿಲ ತನಕ. ಬಾಗಿಲ ಬಳೆ ಹಿಡಿದು ದೇವರ ಆಶ್ರಯ ಬೇಡಿದವನನ್ನು ನಲವತ್ತು ದಿನ ಯಾರೂ ಮುಟ್ಟುವ ಹಾಗಿಲ್ಲ.

ನಲವತ್ತು ದಿನ ಅವನು ಒಳಗೆ, ನಾವು ಹೊರಗೆ. ಕಾವಲಿಗೆ ಸರದಿಯಂತೆ ಗಂಡಸರು ನಿಂತರು. ಆ ದಿನಗಳಲ್ಲಿ ನಾನು ಉಂಡದ್ದು ನೆನಪಿಲ್ಲ, ಕಟ್ಟಿದ್ದು ನೆನಪಿದೆ. ನಿನ್ನ ಮಟ್ಟು ತಾನಾಗಿ ಬಾಯಿಗೆ ಬಂತು. ಬೇರೆ ಮಟ್ಟು ಹುಡುಕಲೂ ಇಲ್ಲ. ಚರ್ಚಿನ ಗೋಡೆಗೆ ಬೆನ್ನು ಕೊಟ್ಟು ಕೂತು, ಒಳಗೆ ಅವನಿಗೆ ಕೇಳಲಿ ಎಂದು ಗಟ್ಟಿಯಾಗಿ ಹಾಡಿದೆ.

ಹಿಮದ ಹೊಳೆಯ ದಾಟಿನಲ್ಲಿ ಮಲಗಿದ ನನ್ನ ತಮ್ಮ,
ಗಾಳಿಯೇ, ಮೆಲ್ಲಗೆ ಬೀಸು,
ಕೆಂಚ ಥರ್ಸ್ಟನ್ ಮುಟ್ಟಿದೊಡನೆ ಹರಿಯಿತಲ್ಲೋ ನೆತ್ತರ,
ಗಾಳಿಯೇ, ಮೆಲ್ಲಗೆ ಬೀಸು.

ಕಾವಲಿನವರು ಮೂರೇ ದಿನದಲ್ಲಿ ಕಲಿತರು. "ಇನ್ನೊಂದ್ ಸಲ ಹೇಳೇ" ಎಂದು ಗೋಗರೆಯುತ್ತಿದ್ದರು. ಉಣ್ಣೆಯ ಗಾಡಿಯವರು ಕೇಳಿಸಿಕೊಂಡು ದಕ್ಷಿಣಕ್ಕೆ ಒಯ್ದರು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ಹೆಮ್ಮೆಯಾಗಿತ್ತು. ತಮ್ಮ ಸತ್ತು ಮಣ್ಣಿನಲ್ಲಿದ್ದ, ಮದುವೆಯಾಗಬೇಕಾದವನು ಗೋಡೆಯ ಆಚೆ ಸುಟ್ಟ ಮುಖ ಹಿಡಿದುಕೊಂಡು ನರಳುತ್ತಿದ್ದ, ನಾನು ಪದಕ್ಕೆ ಪದ ಕೂಡುವುದನ್ನು ನೋಡಿ ಖುಷಿಪಡುತ್ತಿದ್ದೆ.

ನೀನು ದಿನಾ ಅವನಿಗೆ ಓಟ್ಸಿನ ರೊಟ್ಟಿ ತರುತ್ತಿದ್ದೆ. ಒಂದು ದಿನ ಚರ್ಚಿನ ಗೇಟಿನಲ್ಲಿ ನನ್ನ ಕೈ ಹಿಡಿದುಕೊಂಡೆ. "ಐಡನಿ, ಅವನು ಅಧಿಕಾರಿ ಮುಂದೆ ಒಪ್ಕೋತಾನೆ. ಮಾಡಿದ್ದಕ್ಕಲ್ಲ. ನಿಜ ಹೇಳಿದ್ರೆ ನೇಣು, ಸುಳ್ಳು ಹೇಳಿ ಒಪ್ಕೊಂಡ್ರೆ ದೇಶ ಬಿಟ್ಟು ಬದುಕ್ಬೋದು, ಅಷ್ಟಕ್ಕೆ. ಬಂದರಿಗೆ ಮೂರು ದಿನದ ದಾರಿ. ನಿನ್ನ ಹಾಡು ನಿಲ್ಲಿಸೇ. ದಾರಿಯಲ್ಲಿ ಅವನು ಯಾರೋ ಏನೋ ಅಂತ ಜನ ಸುಮ್ನಿರ್ತಾರೆ. ನಿನ್ನ ಕಾಲಿಗೆ ಬೀಳ್ತೀನಿ." ನಾನು ನಿನ್ನ ಮುಖಕ್ಕೆ ಉಗಿದೆ. ಆ ಸಂಜೆಯೇ ಹೊಸ ಚರಣ ಕಟ್ಟಿದೆ.

ಎಡಗೈ ಕಿರುಬೆರಳಿಲ್ಲ ಅವಗೆ, ಗುರುತ ನೋಡಿಕೊಳ್ಳಿ,
ದಾರಿ ಬಿಟ್ಟು ಕೆಳಗಿಳಿದರೆ ತಲೆಯ ತೆಗೆದುಕೊಳ್ಳಿ.

ಎಂಟು ವರ್ಷದವನಿದ್ದಾಗ ಹುಲ್ಲು ಕೊಯ್ಯುವ ಕುಡುಗೋಲಿಗೆ ಹೋದ ಬೆರಳದು. ಆ ಗಾಯಕ್ಕೆ ಬಟ್ಟೆ ಸುತ್ತಿದವಳು ನೀನು.

ಮುಂದಿನದ್ದನ್ನು ನೀನು ಕಣ್ಣಾರೆ ಕಂಡಿದ್ದೀಯ. ಅವನ ಹಿಂದೆ ಸ್ವಲ್ಪ ದೂರ ಬಿಟ್ಟು ನೀನೂ ನಡೆಯುತ್ತಿದ್ದೆಯಂತೆ. ನಾನು ಕೇಳಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು, ಏಕೆಂದರೆ ಈಗ ನಾನು ಕಟ್ಟಿರುವ ಹೊಸ ಹಾಡಿನಲ್ಲಿ ಅದು ಬಂದಿದೆ, ಆ ಹಾಡಿನ ವಿಷಯ ಮುಂದೆ ಹೇಳುತ್ತೇನೆ. ತಪ್ಪೊಪ್ಪಿಕೊಂಡು ದೇಶ ಬಿಡುವವನ ವೇಷದಲ್ಲಿ ಬಂದರಿಗೆ ಹೊರಟಿದ್ದ, ಗೋಣಿಯಂಥ ಬಿಳಿ ಅಂಗಿ, ಬರಿಗಾಲು, ಬರಿದಲೆ, ಕೈಯಲ್ಲಿ ಮರದ ಶಿಲುಬೆ. ರಾಜನ ಹೆದ್ದಾರಿಯ ಮೇಲಿರುವ ತನಕ ಯಾರೂ ಮುಟ್ಟಬಾರದು, ಒಂದು ಹೆಜ್ಜೆ ಹೊರಗಿಟ್ಟರೆ ಯಾರು ಬೇಕಾದರೂ ತಲೆ ಕಡಿಯಬಹುದು, ಕಡಿದವನಿಗೆ ಶಿಕ್ಷೆಯಿಲ್ಲ. ಎರಡನೆಯ ದಿನ ಸೇತುವೆಯ ಊರಿನ ಹತ್ತಿರ ಉಣ್ಣೆಬಟ್ಟೆ ತುಳಿಯುವವರು ತೊಟ್ಟಿಯಲ್ಲಿ ನಿಂತು ಬಟ್ಟೆ ತುಳಿಯುತ್ತಿದ್ದರು. ತುಳಿತಕ್ಕೆ ಅವರು ಹಾಡುತ್ತಿದ್ದದ್ದು ನನ್ನ ಹಾಡೇ. ನಿನ್ನ ಮಟ್ಟು ಕಾಲಿಗೆ ಚೆನ್ನಾಗಿ ಹೊಂದುತ್ತಿತ್ತಂತೆ. ಒಬ್ಬ ತಲೆಯೆತ್ತಿ ಕೆಂಚುಗೂದಲು ನೋಡಿದ. "ಏಯ್, ಕೈ ತೋರ್ಸು" ಎಂದ. ಥರ್ಸ್ಟನ್ ತೋರಿಸಲಿಲ್ಲ, ಶಿಲುಬೆಯನ್ನು ಎರಡೂ ಕೈಯಿಂದ ಅವುಚಿಕೊಂಡ. ಐದಾರು ಜನ ಹಾರಿ ಬಂದು ಆ ಶಿಲುಬೆಯನ್ನೇ ಹಿಡಿದು ಎಳೆದರು. ಅವನು ಅದನ್ನು ಬಿಡಲಿಲ್ಲ. ಬಿಟ್ಟಿದ್ದರೆ ದಾರಿಯ ಮೇಲೆಯೇ ಉಳಿಯುತ್ತಿದ್ದ. ಶಿಲುಬೆಯ ಜೊತೆಗೆ ಹಳ್ಳಕ್ಕೆ ಬಿದ್ದ. "ದಾರಿ ಬಿಟ್ಟ! ದಾರಿ ಬಿಟ್ಟ!" ಎಂದು ಕೂಗು ಎದ್ದಿತು. ಯಾರೋ ಕಟ್ಟಿಗೆ ಸೀಳುವ ಮೊಂಡು ಕೊಡಲಿ ತಂದರು. ನಾಲ್ಕು ಏಟು ಬೇಕಾಯಿತು. ಏಟಿಗೊಂದು ಸಲ ಅವರು ಸೊಲ್ಲು ಹೇಳಿದರು, "ಗಾಳಿಯೇ, ಮೆಲ್ಲಗೆ ಬೀಸು."

ನೀನು ತಲೆಯನ್ನು ಎಪ್ರನ್ನಿನಲ್ಲಿ ಕಟ್ಟಿಕೊಂಡು ಎರಡು ದಿನ ನಡೆದು ಹಿಂದಕ್ಕೆ ಬಂದೆ. ಚರ್ಚಿನ ಹಿತ್ತಲಿನಲ್ಲಿ ಹೂಳಲು ನಮ್ಮವರು ಬಿಡಲಿಲ್ಲ. ನಿಮ್ಮ ಹುಲ್ಲಿನ ಮಾಡಿಗೆ ಬೆಂಕಿಯಿಟ್ಟರು, ನಿನಗೆ ಕಲ್ಲು ಹೊಡೆದು ಊರು ಬಿಡಿಸಿದರು. ಹೊಡೆದವರಲ್ಲಿ ನಾನಿದ್ದೆನೇ ಎಂದು ನಿನಗೆ ಅನುಮಾನ ಇರಬಹುದು. ಇದ್ದೆ. ಗುರಿ ತಪ್ಪಲಿಲ್ಲ.

ಇಪ್ಪತ್ತೆರಡು ವರ್ಷ ಗಾವಿನ್‌ನ ಮನೆಯಲ್ಲಿ ಕಳೆದೆ. ನಮ್ಮ ಕಣಿವೆಯಲ್ಲಿ ಹೊಲ ಅಣ್ಣತಮ್ಮಂದಿರಿಗೆ ಸಮಪಾಲು. ತಮ್ಮ ಇಲ್ಲದ್ದರಿಂದ ಎಲ್ಲವೂ ಗಾವಿನ್‌ಗೇ ಬಂತು. ಅವನ ಹೆಂಡತಿ ಬಾಣಂತನದಲ್ಲಿ ಹೋದಳು, ಅವಳಿ ಗಂಡುಮಕ್ಕಳನ್ನು ನಾನೇ ಸಾಕಿದೆ. ಇಷ್ಟಾದರೂ ನನಗೆ ಹೊಳೆಯಲಿಲ್ಲ ನೋಡು. ಹಾಡು ಕಟ್ಟುವ ಜಾಣೆಯಂತೆ ನಾನು!

ಹೋದ ವರ್ಷ ಫೆಬ್ರವರಿಯಲ್ಲಿ ನಾಯಿಗಳು ಒಂದು ಕುರಿಯ ಕತ್ತು ಕಚ್ಚಿ ಕೊಂದವು. ಹಿಮದಲ್ಲಿ ರಾತ್ರಿಯೆಲ್ಲ ಬಿದ್ದು ಕಲ್ಲಾಗಿತ್ತು. ಚರ್ಮ ಸುಲಿಯಲು ಆಗುವಂತಿರಲಿಲ್ಲ, ಮೆತ್ತಗಾಗಲಿ ಎಂದು ಒಲೆಯ ಬಳಿ ಹಾಕಿ ನನ್ನ ಕೆಲಸ ನೋಡಿಕೊಂಡೆ. ಬೆಳಿಗ್ಗೆ ಒತ್ತಿ ನೋಡಿದೆ, ಮರ. ಮಧ್ಯಾಹ್ನ ಒತ್ತಿದೆ, ಮರ. ಸಂಜೆ ಭುಜ ಹಿಡಿದು ಅಲುಗಿಸಿದೆ. ಕತ್ತಿನ ಗಾಯದಿಂದ ನೆತ್ತರು ಹರಿಯಿತು, ಕಪ್ಪಗೆ, ನಿಧಾನವಾಗಿ, ನನ್ನ ಕಾಲಿನ ತನಕ.

ಕುರಿಯನ್ನು ನಾನು ಕೊಂದಿರಲಿಲ್ಲ, ಅಕ್ಕಾ.

ಹಿಮಗಟ್ಟಿದ ನೆತ್ತರು ಒಲೆಯ ಕಾವಿಗೆ ಕರಗಿತ್ತು, ಅಷ್ಟೇ. ಒಲೆ ಹತ್ತಿರ ಮಲಗಿಸಿ ಎಂದದ್ದು ಯಾರು, ಮೊದಲು ಮುಟ್ಟಿದ್ದು ಯಾರು, ನಿಮ್ಮ ಮನೆಗೆ ಮಧ್ಯಾಹ್ನದ ತನಕ ಹೇಳಿ ಕಳಿಸದೆ ಇದ್ದದ್ದು ಯಾರು, ಒಂದೊಂದೇ ನೆನಪಾಯಿತು. ಹೋಗಿ ಕೇಳಿಯೇಬಿಟ್ಟೆ. ಗಾವಿನ್ ಕೊಟ್ಟಿಗೆಯಲ್ಲಿ ಸತ್ತ ಕುರಿಗೆಂದು ಚಾಕು ಮಸೆಯುತ್ತಿದ್ದ. ಕೈ ನಿಲ್ಲಿಸಲೂ ಇಲ್ಲ.

"ಈಗ ಬಂತಾ ಬುದ್ಧಿ? ಕುರಿ ಕಾಯೋರ ಮನೇಲಿ ಹುಟ್ಟಿ ಇಷ್ಟು ವರ್ಷ ಬೇಕಾಯ್ತೇನೇ ನಿನಗೆ? ಹೌದು, ಅರ್ಧ ಹೊಲ ನನಗೆ ಸಾಲ್ತಿರ್ಲಿಲ್ಲ."

"ಥರ್ಸ್ಟನ್ ನಿನಗೇನು ಮಾಡಿದ್ದ?"

"ಏನೂ ಮಾಡಿರ್ಲಿಲ್ಲ. ದೇಶ ಬಿಟ್ಟು ಹೋಗ್ಲಿ ಅಂದ್ಕೊಂಡಿದ್ದೆ, ಅಷ್ಟೇ. ಅವನ ತಲೆ ತೆಗ್ಸೋ ಅಷ್ಟು ಬುದ್ಧಿ ನನಗೆಲ್ಲಿಂದ ಬರ್ಬೇಕು? ನಾನು ಒಬ್ಬನ್ನ ಕೊಂದೆ ಕಣೇ. ಇನ್ನೊಬ್ಬ ನಿನ್ನ ಲೆಕ್ಕ."

ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿ ಹುಡುಕಿ ಸೋತೆ.

ಆ ವಸಂತದಲ್ಲಿ ಹೊಸ ಹಾಡು ಕಟ್ಟಿದೆ, ಅದೇ ಮಟ್ಟಿಗೆ. ಜೂನ್ ತಿಂಗಳ ಉಣ್ಣೆ ಕತ್ತರಿಸುವ ದಿನ, ಇಡೀ ಕಣಿವೆ ನಮ್ಮ ಅಂಗಳದಲ್ಲಿ ಸೇರಿತ್ತು. ಕೆಲಸ ಮುಗಿದು ಬಿಯರ್ ಹಂಚುವಾಗ "ಐಡನಿ, ಹಾಡೇ" ಎಂದರು. ಎದ್ದು ನಿಂತೆ. ಹಿಮಗಟ್ಟಿದ ಕುರಿಯ ಚರಣ ಕೇಳಿ ನಕ್ಕರು. "ಇದೇನೇ, ಸಪ್ಪೆ! ಹಳೇದೇ ಹಾಡು, ತಲೆ ತೆಗೆಯೋದು" ಎಂದು ಗಿರಣಿಯವನು ಕೂಗಿದ. ನಾನು ನಿಲ್ಲಿಸದೆ ಗಾವಿನ್‌ನ ಹೆಸರು ಬರುವ ಚರಣ ಹಾಡಿದೆ.

ಗಾವಿನ್ ಕೋಪ ಮಾಡಿಕೊಳ್ಳಲಿಲ್ಲ. ಉಣ್ಣೆಯ ಕತ್ತರಿಯನ್ನು ತೊಡೆಗೆ ಒರೆಸುತ್ತಾ ಬಂದ. "ಇವಳ ನಾಲಿಗೇಲೂ ಉಣ್ಣೆ ಬೆಳೆದಿದೆ ಕಣ್ರೋ, ಹಿಡ್ಕೊಳಿ" ಎಂದ. ಹಿಡಿದುಕೊಂಡವರು ನಾನು ಸಾಕಿದ ಮಕ್ಕಳು. ಒಬ್ಬ ಕೈಗಳನ್ನು ಬೆನ್ನಿಗೆ ತಿರುಚಿದ, ಇನ್ನೊಬ್ಬ ದವಡೆ ಹಿಡಿದು ತೆರೆದು ಮುಖ ಆಚೆ ತಿರುಗಿಸಿಕೊಂಡ. ಕತ್ತರಿಗೆ ಕುರಿಯ ಮೈಯ ಜಿಡ್ಡಿನ ರುಚಿಯಿತ್ತು. ಎರಡು ಸಲ ಜಾರಿತು, ಮೂರನೆಯದಕ್ಕೆ ಹೋಯಿತು. ಆಮೇಲೆ ಕುರಿಗೆ ಗಾಯವಾದರೆ ಹಚ್ಚುವ ಕರಿ ರಾಳವನ್ನೇ ಬಿಸಿ ಮಾಡಿ ಬಾಯೊಳಗೆ ಹಚ್ಚಿದರು. ಅಂಗಳದಲ್ಲಿ ನಲವತ್ತು ಜನ ಇದ್ದರು. ಒಬ್ಬನೂ ಲೋಟ ಕೆಳಗಿಡಲಿಲ್ಲ. ನನ್ನನ್ನು ಎತ್ತಿಕೊಂಡು ಹೋಗಿ ಚರ್ಚಿನ ಪಕ್ಕದ ಕೋಣೆಯಲ್ಲಿ ಮಲಗಿಸಿದವರು ಪಾದ್ರಿ ಆಸ್ಮಂಡ್, ಅವರೂ ಎಲ್ಲ ಮುಗಿದ ಮೇಲೆ.

ಈಗ ತಿಳಿಯಿತಲ್ಲ, ನಾನೇಕೆ ಬರೆಯಲು ಕಲಿತೆ ಎಂದು.

ಈ ಕೋಣೆಯ ಕಿಟಕಿಯಿಂದ ಮಕ್ಕಳು ಹಗ್ಗ ಹಾರುವುದು ಕಾಣುತ್ತದೆ. ಅವರು ಹೇಳುವುದು ನನ್ನ ಹಳೆಯ ಹಾಡನ್ನೇ. ಪ್ರತಿ ನೆಗೆತಕ್ಕೂ ಥರ್ಸ್ಟನ್‌ನ ತಲೆ ಬೀಳುತ್ತದೆ. ನಿಲ್ಲಿಸಿ ಎಂದು ಕೂಗಲು ಹೋದರೆ ನನ್ನ ಬಾಯಿಂದ ಬರುವ ಸದ್ದಿಗೆ ಹೆದರಿ ಓಡುತ್ತಾರೆ, ಸ್ವಲ್ಪ ಹೊತ್ತಿಗೆ ವಾಪಸು ಬಂದು ಮತ್ತೆ ಶುರುಮಾಡುತ್ತಾರೆ. ನಾವೆಲ್ಲ ಸತ್ತ ಮೇಲೂ ಅವನು ಕೊಲೆಗಾರನಾಗಿಯೇ ಇರುತ್ತಾನೆ. ನನ್ನ ನಾಲಿಗೆ ಹೋದದ್ದಕ್ಕಿಂತ ಇದೇ ನನಗೆ ಹೆಚ್ಚು ಉರಿಯುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ಈ ಹಾಳೆಯ ಹಿಂಬದಿಯಲ್ಲಿ ಹೊಸ ಹಾಡು ಪೂರ್ತಿ ಇದೆ, ಹದಿನೇಳು ಚರಣ. ಸನ್ಯಾಸಿನಿಯಮ್ಮನವರಿಗೆ ಮಟ್ಟು ಗೊತ್ತಿಲ್ಲ, ನಿನಗೆ ಗೊತ್ತು. ಮಠದ ಬಟ್ಟೆ ಒಗೆಯುವ ಕೆಲಸದಲ್ಲಿದ್ದೀಯ, ಅಂದಿನಿಂದ ಒಂದು ಸೊಲ್ಲೂ ಹಾಡಿಲ್ಲ ಎಂದು ಆ ಕಡೆಯಿಂದ ಬಂದ ಒಬ್ಬ ಭಿಕ್ಷು ಪಾದ್ರಿಗಳಿಗೆ ಹೇಳಿದನಂತೆ. ನಿನ್ನ ಕಂಠವನ್ನು ಮುಚ್ಚಿಸಿದವಳು ನಾನೇ, ಅದನ್ನು ತೆರೆ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ. ಹೊಳೆಯ ಕಲ್ಲಿಗೆ ಬಟ್ಟೆ ಬಡಿಯುವಾಗ ಹಾಡು. ಪಕ್ಕದ ಕಲ್ಲಿನವಳು ಕಲಿಯುತ್ತಾಳೆ, ಅವಳಿಂದ ಗಾಡಿಯವನು ಕಲಿಯುತ್ತಾನೆ. ಸುಳ್ಳು ಹೋದ ದಾರಿಯಲ್ಲೇ ಇದೂ ಹೋಗಲಿ, ನಿಧಾನವಾಗಿಯಾದರೂ ಸರಿ.

ಒಂದೇ ಒಂದು ಷರತ್ತು. ನೀನು ಮೊದಲಿನಿಂದಲೂ ಮೆತ್ತನೆಯ ಮನಸ್ಸಿನವಳು. ಹಾಡುತ್ತಾ ಹಾಡುತ್ತಾ ನನ್ನ ಮೇಲೆ ಕನಿಕರ ಬಂದು ಕೊನೆಯ ಚರಣ ಬಿಟ್ಟುಬಿಡಬೇಡ. ಅದು ಹೀಗಿದೆ.

ತಮ್ಮನ ಕಡಿದುದು ಗಾವಿನನ ಕೈ, ಹಿಮದ ಹೊಳೆಯಲ್ಲಿ,
ಗಾಳಿಯೇ, ಮೆಲ್ಲಗೆ ಬೀಸು,
ಇನಿಯನ ಕಡಿದುದು ಐಡನಿಯ ಬಾಯಿ, ಸೇತುವೆ ಬಳಿಯಲ್ಲಿ,
ಗಾಳಿಯೇ, ಮೆಲ್ಲಗೆ ಬೀಸು.

ನಿನ್ನ ಮಟ್ಟು ನಿನಗೆ ಮರಳಿ ಬಂದಿದೆ, ಅಕ್ಕಾ. ನೀರಿನ ಚಳಿಗೆ ನಿನ್ನ ಕೈ ಮರಗಟ್ಟದಿರಲಿ, ದೇವರು ನಿನ್ನ ಕಂಠವನ್ನು ಕಾಯಲಿ. ನನ್ನ ಹೆಸರು ಬರುವಲ್ಲಿ ಗಟ್ಟಿಯಾಗಿ ಹಾಡು.

ನಿನ್ನ ತಮ್ಮನ ಹೆಂಡತಿಯಾಗಬೇಕಿದ್ದವಳು,
ನಿನ್ನ ತಮ್ಮನನ್ನು ಕೊಂದವಳು,
ಐಡನಿ